ಫ್ರೆಂಚಿನ ಭೂತಕಾಲ – ಹೆದರಿಸುವ ಭೂತವಲ್ಲ!

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ನಾವು ಮತ್ತೆ ಮತ್ತೆ ಕಾಣುವ ಸಂಗತಿಯೊಂದಿದೆ. ಹೊಸದಾಗಿ ಬಂದ ಮಕ್ಕಳಿಗೆಂದೇ ಇರುವ ಸ್ವಾಗತ ತರಗತಿಯಲ್ಲಿ ಒಂದು ವರ್ಷ ಕಳೆಯುವಷ್ಟರಲ್ಲಿ ಮಗುವಿಗೆ ಫ್ರೆಂಚ್ ಮಾತು ಪಟಪಟನೆ ಬರತೊಡಗುತ್ತದೆ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಪಕ್ಕದ ಮನೆಯವರೊಡನೆ ನಮ್ಮ ಪರವಾಗಿ ಮಾತನಾಡುವುದೂ ಅದೇ ಮಗು. "ಸದ್ಯ, ಭಾಷೆಯ ಚಿಂತೆ ಕಳೆಯಿತು" ಎಂದು ಹೆತ್ತವರು ನೆಮ್ಮದಿಯ ಉಸಿರು ಬಿಡುತ್ತಾರೆ. ಅಷ್ಟರಲ್ಲಿ ಶಾಲೆಯಿಂದ ಒಂದು ಕಥೆ ಪುಸ್ತಕ ಮನೆಗೆ ಬರುತ್ತದೆ. ಮಗು ಎರಡು ಪುಟ ಓದಿ ಮುಚ್ಚಿಡುತ್ತದೆ. ಏಕೆಂದು ಕೇಳಿದರೆ, "ಇದರಲ್ಲಿರೋ ಪದಗಳನ್ನ ಯಾರೂ ಮಾತಾಡೋದೇ ಇಲ್ಲ" ಎನ್ನುತ್ತದೆ. ಕೇಳುವವರಿಗೆ ಇದು ಸೋಮಾರಿತನದ ನೆಪದಂತೆ ತೋರಬಹುದು.

ಆದರೆ ಮಗು ಹೇಳಿದ್ದು ಅಕ್ಷರಶಃ ನಿಜ! ಫ್ರೆಂಚಿನಲ್ಲಿ ‘ಪಾಸೆ ಸ್ಯಾಂಪ್ಲ್’ ಎಂಬ ಒಂದು ಭೂತಕಾಲವಿದೆ. ಹೆಸರಿನ ಅರ್ಥ ‘ಸರಳ ಭೂತಕಾಲ’. ಹೆಸರು ಸರಳ, ರೂಪ ಮಾತ್ರ ಅಷ್ಟು ಸರಳವಲ್ಲ. ಇಂದಿನ ಫ್ರೆಂಚರು ದಿನನಿತ್ಯದ ಮಾತಿನಲ್ಲಿ ಇದನ್ನು ಬಳಸುವುದಿಲ್ಲ. ಕಥೆ, ಕಾದಂಬರಿ, ಇತಿಹಾಸ, ಜೀವನಚರಿತ್ರೆಗಳಲ್ಲಿ ಮಾತ್ರ ಇದು ಪುಟಪುಟದಲ್ಲೂ ಎದುರಾಗುತ್ತದೆ. ಮಾತಿನಿಂದಲೇ ಭಾಷೆ ಕಲಿತ ನಮ್ಮ ಮಕ್ಕಳಿಗೆ ಇದು ಕಿವಿಗೆ ಬಿದ್ದಿರುವುದೇ ಇಲ್ಲ.

ಇದನ್ನು ಅಲಕ್ಷಿಸುವಂತೆಯೂ ಇಲ್ಲ. 1977ರ ಫ್ರೆಂಚ್ ಭಾಷಾ ಸನ್ನದಿನ ಪ್ರಕಾರ (ಎಲ್ಲರೂ ಇದನ್ನು ಬಿಲ್ 101 ಎಂದೇ ಕರೆಯುತ್ತಾರೆ) ಕ್ವಿಬೆಕ್‌ಗೆ ವಲಸೆ ಬಂದವರ ಮಕ್ಕಳು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಪ್ರೌಢಶಾಲೆ ಮುಗಿಯುವವರೆಗೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಫ್ರೆಂಚ್ ಮಾಧ್ಯಮದಲ್ಲೇ ಓದಬೇಕು. ಆ ಶಾಲೆಗಳಲ್ಲಿ ಐದನೇ ವರ್ಷದ ಫ್ರೆಂಚಿನಲ್ಲಿ ತೇರ್ಗಡೆಯಾಗದೆ ಪ್ರೌಢಶಾಲಾ ಡಿಪ್ಲೊಮಾ ಸಿಗದು. ಅಂದರೆ ಗಣಿತ ವಿಜ್ಞಾನಗಳಲ್ಲಿ ಎಷ್ಟೇ ಚುರುಕಾಗಿದ್ದರೂ ಫ್ರೆಂಚ್ ಪಠ್ಯವನ್ನು ಓದಿ ಅರ್ಥಮಾಡಿಕೊಳ್ಳುವ ಶಕ್ತಿ ಮಗುವಿನ ಮುಂದಿನ ದಾರಿಯನ್ನು ನಿರ್ಧರಿಸುತ್ತದೆ. "ನಮಗೇ ಫ್ರೆಂಚ್ ಬಾರದು, ನಾವು ಹೇಗೆ ಸಹಾಯ ಮಾಡುವುದು?" ಎಂದು ಕೈಚೆಲ್ಲುವ ತಂದೆತಾಯಿಗಳಿಗೆ ನಾವು ಈ ಲೇಖನದಲ್ಲಿ ಹೇಳಬಯಸುವುದು ಒಂದೇ ಮಾತು – ಕನ್ನಡ ಬಲ್ಲವರಿಗೆ ಈ ಸಮಸ್ಯೆ ಹೊಸದಲ್ಲ. ಇದನ್ನು ಬಿಡಿಸುವ ಕೀಲಿ ನಮ್ಮ ಮನೆಯಲ್ಲೇ ಇದೆ.

ಕನ್ನಡದ ಕನ್ನಡಿಯಲ್ಲಿ

ನಾವೆಲ್ಲ ಚಿಕ್ಕಂದಿನಲ್ಲಿ ಓದಿದ ಕಥೆಗಳನ್ನು ನೆನಪಿಸಿಕೊಳ್ಳೋಣ. ಪುಸ್ತಕದಲ್ಲಿ ‘ರಾಜನು ಕಾಡಿಗೆ ಹೋದನು’, ‘ಮಳೆ ಬಂದಿತು’ ಎಂದಿರುತ್ತಿತ್ತು. ಮನೆಯಲ್ಲಿ ಯಾರಾದರೂ ‘ಅಪ್ಪನು ಆಫೀಸಿಗೆ ಹೋದನು’ ಎಂದು ಹೇಳಿದ್ದನ್ನು ಕೇಳಿದ್ದೇವೆಯೇ? ‘ಅಪ್ಪ ಆಫೀಸಿಗೆ ಹೋದ್ರು’, ‘ಮಳೆ ಬಂತು’ ಎನ್ನುತ್ತೇವೆ. ‘ಹೋದನು’, ‘ಬಂದಿತು’ ಎಂಬ ರೂಪಗಳು ಪುಸ್ತಕದವು. ಆದರೂ ಅವು ಅರ್ಥವಾಗುವುದಿಲ್ಲವೆಂದು ಯಾವ ಕನ್ನಡಿಗನೂ ದೂರುವುದಿಲ್ಲ. ಕಣ್ಣಿಗೆ ಒಂದು ರೂಪ, ಬಾಯಿಗೆ ಇನ್ನೊಂದು ರೂಪ ಎಂಬುದು ನಮಗೆ ರಕ್ತಗತ.

ಇನ್ನೂ ಹತ್ತಿರದ ಹೋಲಿಕೆಯೊಂದಿದೆ. ಕನ್ನಡದಲ್ಲಿ ‘ಬಂದನು’ ಮತ್ತು ‘ಬಂದಿದ್ದಾನೆ’ ಎಂಬ ಎರಡು ರೂಪಗಳಿವೆ. ‘ಬಂದಿದ್ದಾನೆ’ ಎಂದರೆ ಬಂದು ಇದ್ದಾನೆ, ಅಂದರೆ ಎರಡು ಕ್ರಿಯಾಪದಗಳು ಸೇರಿ ಆದದ್ದು. ಫ್ರೆಂಚಿನಲ್ಲಿಯೂ ಹಾಗೆಯೇ. ‘ಇಲ್ ವ್ಯಾಂ’ ಎಂದರೆ ಬಂದನು. ‘ಇಲ್ ಎ ವನ್ಯು’ ಎಂಬುದರಲ್ಲಿ ‘ಎ’ ಎಂದರೆ ಇದ್ದಾನೆ, ‘ವನ್ಯು’ ಎಂದರೆ ಬಂದವನು. ನಮ್ಮ ‘ಬಂದಿದ್ದಾನೆ’ಯ ಅಣ್ಣತಮ್ಮನೇ ಸರಿ. ಈ ಎರಡನೆಯದಕ್ಕೆ ‘ಪಾಸೆ ಕಾಂಪೋಸೆ’, ಅಂದರೆ ಕೂಡಿಸಿದ ಭೂತಕಾಲ, ಎಂದು ಹೆಸರು. ಕನ್ನಡದ ಮಾತಿನಲ್ಲಿ ಎರಡೂ ಬದುಕಿವೆ. ಫ್ರೆಂಚಿನಲ್ಲಿ ಮಾತ್ರ ಕೂಡಿಸಿದ ರೂಪವು ಸರಳ ರೂಪವನ್ನು ಮಾತಿನಿಂದ ಹೊರಗೆ ತಳ್ಳಿಬಿಟ್ಟಿತು. ನಮ್ಮವರೆಲ್ಲರೂ ‘ಬಂದ’ ಎನ್ನುವುದನ್ನು ಬಿಟ್ಟು, ‘ನೆನ್ನೆ ಬಂದಿದ್ದಾನೆ, ಹೋದ ವರ್ಷ ಬಂದಿದ್ದಾನೆ’ ಎಂದೇ ಹೇಳತೊಡಗಿ, ‘ಬಂದನು’ ಎಂಬುದನ್ನು ಕಥೆಪುಸ್ತಕಕ್ಕೆ ಮೀಸಲಿಟ್ಟರೆ ಹೇಗಿರುತ್ತದೋ ಹಾಗೆ.

ಮಾತಿನಿಂದ ಪುಸ್ತಕಕ್ಕೆ

ಪಾಸೆ ಸ್ಯಾಂಪ್ಲ್ ಲ್ಯಾಟಿನ್ ಭಾಷೆಯಿಂದಲೇ ಫ್ರೆಂಚಿಗೆ ಬಂದ ಆಸ್ತಿ. ಹಿಂದೆ ಇದನ್ನು ಎಲ್ಲರೂ ಮಾತಿನಲ್ಲಿ ಬಳಸುತ್ತಿದ್ದರು. 1660ರಲ್ಲಿ ಆರ್ನೋ ಮತ್ತು ಲಾನ್ಸಲೋ ಎಂಬ ಇಬ್ಬರು ವಿದ್ವಾಂಸರು ಬರೆದ ಪೋರ್ ರುಆಯಾಲ್ ವ್ಯಾಕರಣದಲ್ಲಿ ಒಂದು ಸ್ವಾರಸ್ಯದ ನಿಯಮವಿದೆ. ಇಂದು ನಡೆದದ್ದಕ್ಕೆ ಕೂಡಿಸಿದ ರೂಪ. ಕನಿಷ್ಠ ಒಂದು ದಿನದಷ್ಟಾದರೂ ಹಿಂದೆ ಸರಿದದ್ದಕ್ಕೆ ಸರಳ ರೂಪ. ಇದನ್ನು ‘ಇಪ್ಪತ್ತನಾಲ್ಕು ಗಂಟೆಗಳ ನಿಯಮ’ ಎಂದು ಕರೆಯುವುದುಂಟು. ಮುಂದಿನ ಶತಮಾನಗಳಲ್ಲಿ ಈ ಗಡಿ ಅಳಿಸಿಹೋಯಿತು. ಪ್ಯಾರಿಸ್ಸಿನ ಮಾತಿನಲ್ಲಿ ನೆನ್ನೆಗೂ ಕೂಡಿಸಿದ ರೂಪ, ನೂರು ವರ್ಷದ ಹಿಂದಿನದಕ್ಕೂ ಅದೇ ರೂಪ ಎಂದಾಯಿತು.

ನಾವಿರುವ ಕೆನಡಾದಲ್ಲಿಯೇ ಇದಕ್ಕೊಂದು ಅಪವಾದವಿದೆ. ನೋವಾ ಸ್ಕೋಷಿಯಾದ ಸೇಂಟ್ ಮೇರಿ ಕೊಲ್ಲಿಯ ಸುತ್ತಮುತ್ತಲಿನ ಅಕೇಡಿಯನ್ ಹಳ್ಳಿಗಳ ಮಾತಿನಲ್ಲಿ ಸರಳ ಭೂತಕಾಲ ಇನ್ನೂ ಉಳಿದುಬಂದಿದೆ. ಪುಸ್ತಕದಲ್ಲಿ ‘ಪಾರ್ಲೆ’ (ಮಾತನಾಡಿದೆ) ಎಂದಿರುವ ಕಡೆ ಅವರ ಬಾಯಲ್ಲಿ ‘ಪಾರ್ಲಿ’ ಎಂಬಂತಹ ರೂಪ ಬರುತ್ತದೆ. ದೊಡ್ಡ ಊರು ಮರೆತದ್ದನ್ನು ದೂರದ ಹಳ್ಳಿ ಕಾಪಾಡಿಕೊಂಡು ಬರುವುದು ಕನ್ನಡಿಗರಿಗೂ ಗೊತ್ತಿರುವ ವಿಷಯವೇ.

ಮಾತಿನಿಂದ ಹೊರಬಿದ್ದರೂ ಬರವಣಿಗೆಯಲ್ಲಿ ಇದು ಸಾಯಲಿಲ್ಲ. 1697ರಲ್ಲಿ ಶಾರ್ಲ್ ಪೆರೋ ಪ್ರಕಟಿಸಿದ ಸಿಂಡರೆಲಾ ಮೊದಲಾದ ಕಥೆಗಳಲ್ಲಿಯೂ, 1943ರಲ್ಲಿ ಸೇಂತ್-ಎಕ್ಸುಪೆರಿ ಪ್ರಕಟಿಸಿದ ‘ಪುಟ್ಟ ರಾಜಕುಮಾರ’ದಲ್ಲಿಯೂ ಇದು ಸಿಗುತ್ತದೆ. ಆಲ್ಬೇರ್ ಕಾಮು 1942ರಲ್ಲಿ ಪ್ರಕಟವಾದ ತನ್ನ ‘ಪರಕೀಯ’ ಕಾದಂಬರಿಯನ್ನು ಬಹುಮಟ್ಟಿಗೆ ಆಡುಮಾತಿನ ಕೂಡಿಸಿದ ರೂಪದಲ್ಲಿ ಬರೆದದ್ದೇ ಓದುಗರಿಗೆ ವಿಶೇಷವಾಗಿ ಕಂಡಿತು. ಕಾದಂಬರಿಯೆಂದರೆ ಸರಳ ಭೂತಕಾಲ ಎಂಬುದು ಅಷ್ಟು ರೂಢಿಯಾಗಿತ್ತು. ಭಾಷಾವಿಜ್ಞಾನಿ ಎಮಿಲ್ ಬೆನ್ವೆನಿಸ್ತ್ 1959ರಲ್ಲಿ ಇದನ್ನು ಹೀಗೆ ವಿವರಿಸಿದರು – ಒಂದು ರೂಪದಲ್ಲಿ ‘ನಾನು’ ‘ನೀನು’ ಎಂದು ಎದುರುಬದುರು ನಿಂತು ಮಾತನಾಡುತ್ತೇವೆ. ಇನ್ನೊಂದರಲ್ಲಿ ಘಟನೆಗಳು ಹೇಳುವವನೇ ಇಲ್ಲದಂತೆ ತಮ್ಮಷ್ಟಕ್ಕೆ ತಾವೇ ನಡೆಯುತ್ತವೆ. ‘ಒಂದಾನೊಂದು ಕಾಲದಲ್ಲಿ’ ಎಂದು ಅಜ್ಜಿ ಶುರುಮಾಡಿದ ಕೂಡಲೇ ಅಡುಗೆಮನೆ ಮರೆಯಾಗಿ ಕಾಡು ಕಣ್ಮುಂದೆ ಬರುತ್ತದಲ್ಲ, ಅದೇ ಕೆಲಸವನ್ನು ಫ್ರೆಂಚಿನಲ್ಲಿ ಈ ಕಾಲ ಮಾಡುತ್ತದೆ.

ಪುಣ್ಯಕೋಟಿಯ ಸಹಾಯದಿಂದ ನಾಲ್ಕು ಕುಟುಂಬಗಳು

ಈಗ ರೂಪಗಳಿಗೆ ಬರೋಣ. ಫ್ರೆಂಚ್ ಪದಗಳನ್ನು ಕಿವಿಗೆ ಕೇಳುವ ಹಾಗೆ ಕನ್ನಡದಲ್ಲಿ ಬರೆದಿದ್ದೇವೆ. ‘ಯು’ ಎಂದು ಬರೆದಿರುವಲ್ಲಿ ತುಟಿಯನ್ನು ‘ಊ’ ಎನ್ನುವಂತೆ ದುಂಡಗಿಟ್ಟು ‘ಈ’ ಎನ್ನಬೇಕು. ಕೊನೆಯ ಎಸ್, ಟಿ ಅಕ್ಷರಗಳು ಬರವಣಿಗೆಯಲ್ಲಿ ಇರುತ್ತವೆ, ಉಚ್ಚಾರದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಫ್ರೆಂಚಿನ ಎಲ್ಲ ಕ್ರಿಯಾಪದಗಳೂ ಸರಳ ಭೂತಕಾಲದಲ್ಲಿ ನಾಲ್ಕೇ ಕುಟುಂಬಗಳಿಗೆ ಸೇರುತ್ತವೆ. ನಮ್ಮ ಗೋವಿನ ಹಾಡಿನ ಕಥೆಯನ್ನು ನಾಲ್ಕೇ ವಾಕ್ಯದಲ್ಲಿ ಹೇಳಿದರೆ ನಾಲ್ಕೂ ಕುಟುಂಬಗಳ ಪರಿಚಯವಾಗಿಬಿಡುತ್ತದೆ.

1. ಹುಲಿ ಹಸುವನ್ನು ತಡೆಯಿತು – ‘ಆರೆತಾ’. ಇದು ‘ಎ’ ಕುಟುಂಬ. ಮೂಲರೂಪದ ಕೊನೆಯಲ್ಲಿ ಇ-ಆರ್ ಅಕ್ಷರಗಳಿರುವ ಕ್ರಿಯಾಪದಗಳೆಲ್ಲ ಇಲ್ಲಿಗೆ ಸೇರುತ್ತವೆ. ಫ್ರೆಂಚ್ ಕ್ರಿಯಾಪದಗಳಲ್ಲಿ ಬಹುಪಾಲು ಇವೇ. ಅನೇಕ ಕಡೆ ದಾರಿ ತಪ್ಪುವ ‘ಆಲೆ’ (ಹೋಗು) ಕೂಡ ಇಲ್ಲಿ ವಿಧೇಯವಾಗಿ ‘ಆಲಾ’ (ಹೋದನು) ಎಂದಾಗುತ್ತದೆ.

2. ಹಸು ಮಾತು ಕೊಟ್ಟಿತು – ‘ಪ್ರೊಮಿ’. ಇದು ‘ಐ’ ಅಕ್ಷರದ ಕುಟುಂಬ. ಬರೆಯುವಾಗ ಕೊನೆಯಲ್ಲಿ ಐ-ಟಿ. ‘ಫಿನಿ’ (ಮುಗಿಸಿದನು), ‘ಪಾರ್ತಿ’ (ಹೊರಟನು), ‘ರೆಪೋಂದಿ’ (ಉತ್ತರಿಸಿದನು), ‘ಪ್ರಿ’ (ತೆಗೆದುಕೊಂಡನು), ‘ವಿ’ (ನೋಡಿದನು), ‘ಫಿ’ (ಮಾಡಿದನು) ಇವರೆಲ್ಲ ಇಲ್ಲಿಯ ಬಂಧುಗಳು.

3. ಹಸು ಹಿಂತಿರುಗಿ ಬಂದಿತು – ‘ರವ್ಯಾಂ’. ಇದು ಅತಿ ಚಿಕ್ಕ ಕುಟುಂಬ. ‘ವನೀರ್’ (ಬರು), ‘ತನೀರ್’ (ಹಿಡಿ) ಮತ್ತು ಅವುಗಳಿಂದ ಹುಟ್ಟಿದವು ಮಾತ್ರ. ಬರೆಯುವಾಗ ಕೊನೆಯಲ್ಲಿ ಐ-ಎನ್-ಟಿ.

4. ಹುಲಿ ಪ್ರಾಣ ಬಿಟ್ಟಿತು – ‘ಮೂರ್ಯು’. ಇದು ‘ಯು’ ಕುಟುಂಬ. ಕೊನೆಯಲ್ಲಿ ಯು-ಟಿ. ‘ಬ್ಯು’ (ಕುಡಿದನು), ‘ಲ್ಯು’ (ಓದಿದನು), ‘ಸ್ಯು’ (ತಿಳಿದನು), ‘ಪ್ಯು’ (ಶಕ್ತನಾದನು), ‘ವೆಕ್ಯು’ (ಬಾಳಿದನು), ‘ಫ್ಯು’ (ಇದ್ದನು, ಆದನು) ಇಲ್ಲಿವೆ.

ಮೊದಲ ಕುಟುಂಬದ ಒಂದು ಕ್ರಿಯಾಪದವನ್ನು ಪೂರ್ತಿ ನೋಡೋಣ. ‘ಪಾರ್ಲೆ’ ಎಂದರೆ ಮಾತನಾಡು.

ನಾನು ಮಾತನಾಡಿದೆನು – ಜ ಪಾರ್ಲೆ
ನೀನು ಮಾತನಾಡಿದೆ – ತ್ಯು ಪಾರ್ಲಾ
ಅವನು ಮಾತನಾಡಿದನು – ಇಲ್ ಪಾರ್ಲಾ
ನಾವು ಮಾತನಾಡಿದೆವು – ನೂ ಪಾರ್ಲಾಮ್
ನೀವು ಮಾತನಾಡಿದಿರಿ – ವೂ ಪಾರ್ಲಾತ್
ಅವರು ಮಾತನಾಡಿದರು – ಇಲ್ ಪಾರ್ಲೇರ್

ಉಳಿದ ಮೂರು ಕುಟುಂಬಗಳಲ್ಲಿ ಕೆಲಸ ಇನ್ನೂ ಹಗುರ. ನಾನು, ನೀನು, ಅವನು ಮೂರಕ್ಕೂ ಉಚ್ಚಾರ ಒಂದೇ. ಉದಾಹರಣೆಗೆ ‘ಬ್ಯು, ಬ್ಯು, ಬ್ಯು’. ಬಹುವಚನದಲ್ಲಿ ‘ಬ್ಯೂಮ್, ಬ್ಯೂತ್, ಬ್ಯೂರ್’. ಅಂದರೆ ‘ನಾವು’ಗೆ ಮ್, ‘ನೀವು’ಗೆ ತ್, ‘ಅವರು’ಗೆ ರ್. ನಾಲ್ಕೂ ಕುಟುಂಬಗಳಿಗೆ ಈ ಮೂರು ಬಾಲಗಳು ಸಮಾನ. ‘ನಾವು’ ಮತ್ತು ‘ನೀವು’ ರೂಪಗಳ ಸ್ವರದ ಮೇಲೆ ಪುಟ್ಟ ಟೋಪಿಯಂತಹ ಗುರುತು ಇರುತ್ತದೆ. 1990ರ ಕಾಗುಣಿತ ಸುಧಾರಣೆಯಲ್ಲಿ ಐ ಮತ್ತು ಯು ಅಕ್ಷರಗಳ ಮೇಲಿನ ಎಷ್ಟೋ ಟೋಪಿಗಳನ್ನು ತೆಗೆದರೂ ಇಲ್ಲಿಯ ಟೋಪಿಗೆ ಕೈ ಹಚ್ಚಲಿಲ್ಲ.

ಆರು ರೂಪಗಳನ್ನೂ ಉರುಹೊಡೆಯಬೇಕೇ? ಓದುವುದಕ್ಕಂತೂ ಬೇಕಿಲ್ಲ. ಕಥೆಯಲ್ಲಿ ಬರುವುದು ಹೆಚ್ಚಾಗಿ ಅವನು, ಅವಳು, ಅದು, ಅವರು. ಫ್ರಾನ್ಸಿನಲ್ಲಿಯೂ 2016ರಲ್ಲಿ ಜಾರಿಗೆ ಬಂದ ಪಠ್ಯಕ್ರಮವು ಪ್ರಾಥಮಿಕ ಶಾಲೆಯ ಕೊನೆಯ ವರ್ಷಗಳಲ್ಲಿ ಪ್ರಥಮ ಪುರುಷದ ಏಕವಚನ, ಬಹುವಚನಗಳಿಗೇ ಒತ್ತು ಕೊಟ್ಟಿತು. ಆದ್ದರಿಂದ ಮಗುವಿಗೆ ಮೊದಲು ಎರಡೇ ಗುರುತು ಹೇಳಿಕೊಡಿ. ಒಬ್ಬರು ಮಾಡಿದ್ದಾದರೆ ಕೊನೆಯಲ್ಲಿ ಎ, ಐ-ಟಿ, ಯು-ಟಿ ಅಥವಾ ಐ-ಎನ್-ಟಿ. ಹಲವರು ಮಾಡಿದ್ದಾದರೆ ಕೊನೆಯಲ್ಲಿ ಆರ್-ಇ-ಎನ್-ಟಿ. ಇಷ್ಟಕ್ಕೇ ಪುಸ್ತಕದ ಬಾಗಿಲು ಅರ್ಧ ತೆರೆದಂತೆ.

ಮಳೆ ಬರುತ್ತಿತ್ತು, ಬಾಗಿಲು ತೆರೆಯಿತು

ಕಥೆಯಲ್ಲಿ ಈ ಕಾಲ ಒಂಟಿಯಾಗಿ ಬರುವುದಿಲ್ಲ. ‘ಆ್ಯಂಪಾರ್ಫೆ’ ಎಂಬ ಇನ್ನೊಂದು ಭೂತಕಾಲ ಅದರ ಜೊತೆಗಾರ. ಈ ಜೋಡಿಯನ್ನು ಕನ್ನಡದಲ್ಲಿ ವಿವರಿಸುವಷ್ಟು ಸುಲಭವಾಗಿ ಇಂಗ್ಲಿಷಿನಲ್ಲಿ ವಿವರಿಸಲಾಗದು. ಈ ಮೂರು ವಾಕ್ಯಗಳನ್ನು ನೋಡಿ –

ಮಳೆ ಬರುತ್ತಿತ್ತು – ಇಲ್ ಪ್ಲವೆ.
ಬಾಗಿಲು ತೆರೆಯಿತು – ಲಾ ಪೋರ್ತ್ ಸೂವ್ರಿ.
ಒಬ್ಬ ಮುದುಕಿ ಒಳಗೆ ಬಂದಳು – ಯುನ್ ವಿಯೆಯ್ ಫಾಮ್ ಆಂತ್ರಾ.

ಮೊದಲನೆಯದು ಹಿನ್ನೆಲೆ. ಅದು ಯಾವಾಗ ಶುರುವಾಯಿತು, ಯಾವಾಗ ನಿಂತಿತು ಎಂಬುದು ಕಥೆಗೆ ಬೇಕಿಲ್ಲ. ನಮ್ಮ ‘-ತ್ತಿತ್ತು’, ‘-ತ್ತಿದ್ದನು’ ಮಾಡುವ ಕೆಲಸವನ್ನು ಅಲ್ಲಿ ಆ್ಯಂಪಾರ್ಫೆ ಮಾಡುತ್ತದೆ. ಉಳಿದೆರಡು ಕಥೆಯನ್ನು ಮುಂದೆ ತಳ್ಳುವ ಘಟನೆಗಳು. ‘ತೆರೆಯಿತು’, ‘ಬಂದಳು’ ಎಂಬಲ್ಲಿ ಪಾಸೆ ಸ್ಯಾಂಪ್ಲ್ ಬಂದಿದೆ. ಒಂದು ಪುಟದಲ್ಲಿರುವ ಸರಳ ಭೂತಕಾಲದ ಕ್ರಿಯಾಪದಗಳಿಗಷ್ಟೇ ಪೆನ್ಸಿಲಿನಲ್ಲಿ ಗೆರೆ ಎಳೆದು ಒಂದರ ಹಿಂದೊಂದು ಓದಿಸಿದರೆ ಕಥೆಯ ಎಲುಬಿನ ಗೂಡು ಕಾಣುತ್ತದೆ. ಪರೀಕ್ಷೆಯಲ್ಲಿ ‘ಕಥೆಯ ಸಾರಾಂಶ ಬರೆಯಿರಿ’ ಎಂದಾಗ ಇದರ ಉಪಯೋಗ ಹೇಳಬೇಕಾಗಿಲ್ಲ.

ಕಾಲು ಜಾರುವ ಜಾಗಗಳು

ಮಕ್ಕಳು ಸಾಮಾನ್ಯವಾಗಿ ಎಡವುವ ಕೆಲವು ಕಡೆಗಳನ್ನು ಗುರುತು ಮಾಡಿಕೊಳ್ಳುವುದು ಒಳ್ಳೆಯದು.

ಒಂದು, ‘ಆಂತ್ರಾ’ ಎಂದರೆ ಒಳಗೆ ಬಂದನು. ‘ಆಂತ್ರರಾ’ ಎಂದರೆ ಒಳಗೆ ಬರುವನು. ನಡುವೆ ಇರುವುದು ಇ-ಆರ್ ಎಂಬ ಎರಡೇ ಅಕ್ಷರ. ಕೊನೆಯ ‘ಆ’ ಕೇಳಿದೊಡನೆ ಭವಿಷ್ಯತ್ಕಾಲವೆಂದು ಭಾವಿಸಿದರೆ ಕಥೆ ತಲೆಕೆಳಗಾಗುತ್ತದೆ.

ಎರಡು, ‘ನಾನು ಮಾತನಾಡಿದೆನು’ ಎಂಬುದರ ಕೊನೆಗೆ ಒಂದು ಎಸ್ ಸೇರಿಸಿದರೆ ‘ಮಾತನಾಡುತ್ತಿದ್ದೆನು’ ಆಗಿಬಿಡುತ್ತದೆ. ಫ್ರೆಂಚರೇ ಅನೇಕರು ಎರಡನ್ನೂ ಒಂದೇ ರೀತಿ ಉಚ್ಚರಿಸುವುದರಿಂದ ಇಲ್ಲಿ ಕಣ್ಣೇ ಗತಿ.

ಮೂರು, ‘ಇಲ್ ಫಿನಿ’, ‘ಇಲ್ ದಿ’ ಎಂಬ ರೂಪಗಳು ವರ್ತಮಾನಕ್ಕೂ ಭೂತಕ್ಕೂ ಒಂದೇ. ‘ವಿ’ ಎಂದರೆ ನೋಡಿದನು ಎಂದೂ ಆಗಬಹುದು, ಬಾಳುತ್ತಾನೆ ಎಂದೂ ಆಗಬಹುದು. ‘ಇಲ್ ಪ್ಲ್ಯು’ ಎಂದರೆ ಮಳೆ ಬಂದಿತು, ಇಲ್ಲವೇ ಅವನು ಮೆಚ್ಚುಗೆಯಾದನು! ಸುತ್ತಲಿನ ವಾಕ್ಯಗಳನ್ನು ನೋಡಿಯೇ ತೀರ್ಮಾನಿಸಬೇಕು.

ನಾಲ್ಕು, ಆರ್-ಇ-ಎನ್-ಟಿ ಬಾಲ ಕಂಡ ಕಡೆಯಲ್ಲೆಲ್ಲ ಭೂತಕಾಲವಲ್ಲ. ‘ಇಲ್ ಕೂರ್’ ಎಂಬುದು ಆ ಅಕ್ಷರಗಳಲ್ಲೇ ಮುಗಿದರೂ ಅವರು ಓಡುತ್ತಾರೆ ಎಂದರ್ಥ. ಓಡಿದರು ಎನ್ನಲು ‘ಕೂರ್ಯೂರ್’ ಎನ್ನಬೇಕು.

ಐದು, ಮೂಲಪದದ ಗುರುತೇ ಸಿಗದಷ್ಟು ವೇಷ ಬದಲಿಸುವ ಕೆಲವು ಪದಗಳಿವೆ. ‘ನಾಕಿ’ (ಹುಟ್ಟಿದನು) ಎಂಬುದರ ಮೂಲ ‘ನೆತ್ರ್’. ‘ಫ್ಯು’ವಿನ ಮೂಲ ‘ಎತ್ರ್’ (ಇರು). ‘ಯು’ ಎಂದಷ್ಟೇ ಕೇಳುವ ‘ಹೊಂದಿದನು’ ಪದದ ಮೂಲ ‘ಆವ್ವಾರ್’. ಇಂಥವು ಹತ್ತು ಹದಿನೈದು ಇದ್ದಾವು, ಅಷ್ಟೇ. ಇವನ್ನು ಬಾಯಿಪಾಠ ಮಾಡಿಸುವುದೇ ಸರಿ. ಹುಟ್ಟಿದನು, ಬಾಳಿದನು, ಸತ್ತನು – ‘ನಾಕಿ, ವೆಕ್ಯು, ಮೂರ್ಯು’ – ಈ ಮೂರು ಗೊತ್ತಿದ್ದರೆ ಯಾವ ಮಹಾಪುರುಷನ ಜೀವನಚರಿತ್ರೆಯನ್ನಾದರೂ ಕೈಗೆತ್ತಿಕೊಳ್ಳಬಹುದು!

ಮನೆಯಲ್ಲಿ ನಾವೇನು ಮಾಡಬಹುದು?

ಫ್ರೆಂಚ್ ಬಾರದ ತಂದೆತಾಯಿಗಳೂ ಅಜ್ಜ ಅಜ್ಜಿಯರೂ ಮಾಡಬಹುದಾದ ಕೆಲವು ಕೆಲಸಗಳು ಇವು.

ಮೊದಲನೆಯದಾಗಿ, ಕನ್ನಡದಲ್ಲಿ ಕಥೆ ಹೇಳಿ. ಅದೇ ಕಥೆಯನ್ನು ಮಗು ಫ್ರೆಂಚಿನಲ್ಲಿ ಎರಡು ಸಲ ಹೇಳಲಿ. ಒಮ್ಮೆ ಗೆಳೆಯನಿಗೆ ಹೇಳುವಂತೆ ಕೂಡಿಸಿದ ರೂಪದಲ್ಲಿ, ಇನ್ನೊಮ್ಮೆ ಪುಸ್ತಕದಂತೆ ಸರಳ ರೂಪದಲ್ಲಿ. ಪುಣ್ಯಕೋಟಿ ಆಗಬಹುದು, ಪಂಚತಂತ್ರದ ಮೊಸಳೆ ಮತ್ತು ಕೋತಿ ಆಗಬಹುದು. ಕಥೆ ಮೊದಲೇ ಗೊತ್ತಿರುವುದರಿಂದ ಮಗುವಿನ ಗಮನವೆಲ್ಲ ರೂಪದ ಮೇಲಿರುತ್ತದೆ.

ಎರಡನೆಯದಾಗಿ, ದಿನಕ್ಕೆ ಒಂದು ಪುಟ ಗಟ್ಟಿಯಾಗಿ ಓದಿಸಿ. ಬೀದಿಯಲ್ಲಿ ಕೇಳಸಿಗದ ರೂಪಗಳನ್ನು ಮಗು ತನ್ನ ದನಿಯಲ್ಲೇ ಕೇಳಿಸಿಕೊಳ್ಳಬೇಕು. ಕೇಳುವವರಿಗೆ ಅರ್ಥವಾಗದಿದ್ದರೂ ಚಿಂತೆಯಿಲ್ಲ. "ಇದನ್ನ ಕನ್ನಡದಲ್ಲಿ ಹೇಳು ಪುಟ್ಟಾ" ಎಂದು ಕೇಳಿ. ‘ಬಂದನು’, ‘ಬರುತ್ತಿದ್ದನು’ ಎಂಬ ವ್ಯತ್ಯಾಸ ಬಂದರೆ ಮಗುವಿಗೆ ಪಾಠ ತಿಳಿದಿದೆ ಎಂದರ್ಥ. ಜೊತೆಗೆ ಕನ್ನಡವೂ ಉಳಿಯಿತು.

ಮೂರನೆಯದಾಗಿ, ‘ಬೆಶೆರೆಲ್’ ಎಂದೇ ಹೆಸರಾದ ಕ್ರಿಯಾಪದ ಪುಸ್ತಕವೊಂದು ಮನೆಯಲ್ಲಿರಲಿ. ಹತ್ತೊಂಬತ್ತನೇ ಶತಮಾನದ ವೈಯಾಕರಣ ಬೆಶೆರೆಲ್ ಹೆಸರಿನಲ್ಲಿ ಇಂದಿಗೂ ಮುದ್ರಣವಾಗುವ ಈ ಪುಸ್ತಕದಲ್ಲಿ ಮಾದರಿ ಕ್ರಿಯಾಪದಗಳ ಎಲ್ಲ ರೂಪಗಳೂ ಕೋಷ್ಟಕಗಳಲ್ಲಿವೆ.

ಕೊನೆಯದಾಗಿ ಒಂದು ಎಚ್ಚರಿಕೆ. ಓದುವುದು ಬೇರೆ, ಬಳಸುವುದು ಬೇರೆ. ಕಲಿತ ಉತ್ಸಾಹದಲ್ಲಿ ಮಗು ಗೆಳೆಯರ ಜೊತೆ ಈ ರೂಪದಲ್ಲಿ ಮಾತನಾಡಿದರೆ, ನಮ್ಮಲ್ಲಿ ಯಾರಾದರೂ ತರಕಾರಿ ಅಂಗಡಿಯಲ್ಲಿ "ನಾನು ಬದನೆಕಾಯಿಯನ್ನು ಕೊಂಡೆನು" ಎಂದಂತೆ ಆದೀತು. ಬರೆಯುವಾಗಲೂ ಶಿಕ್ಷಕರು ಕೇಳಿದ ಕಡೆ ಮಾತ್ರ ಬಳಸಲಿ. ಒಂದೇ ಕಥೆಯ ನಿರೂಪಣೆಯಲ್ಲಿ ಎರಡು ರೂಪಗಳನ್ನು ಕಲಸದಿರಲಿ. ಕಥೆಯೊಳಗಿನ ಪಾತ್ರಗಳು ಆಡುವ ಮಾತುಗಳು ಮಾತ್ರ ಆಡುಮಾತಿನ ರೂಪದಲ್ಲೇ ಇರಬೇಕು.

ನಮ್ಮ ಮಕ್ಕಳು ಈ ನಾಡಿನಲ್ಲಿ ಮಾತನಾಡಿ ಬದುಕಿದರಷ್ಟೇ ಸಾಲದು. ‘ಶಾಂಪ್ಲೇನ್ 1608ರಲ್ಲಿ ಕ್ವಿಬೆಕ್ ನಗರವನ್ನು ಸ್ಥಾಪಿಸಿದನು’ ಎಂಬ ವಾಕ್ಯದ ‘ಫೋಂದಾ’ (ಸ್ಥಾಪಿಸಿದನು) ಎಂಬ ಪದದ ಮುಂದೆ ಅವರು ಪರಕೀಯರಂತೆ ನಿಲ್ಲಬಾರದು. ಈ ನಾಡಿನ ಕಥೆ, ಇತಿಹಾಸ, ಕಾದಂಬರಿಗಳೂ ಅವರವಾಗಬೇಕು. ಅದಕ್ಕೆ ಬೇಕಾದ ಫ್ರೆಂಚನ್ನು ಶಾಲೆ ಕಲಿಸುತ್ತದೆ. ‘ಬಂದ’ ಎನ್ನುವವನೇ ‘ಬಂದನು’ ಎಂದೂ ಓದಬಲ್ಲ ಎಂಬ ಧೈರ್ಯವನ್ನು ಕೊಡಬೇಕಾದವರು ನಾವು. ಈ ಚಳಿಗಾಲದ ದೀರ್ಘ ಸಂಜೆಗಳಲ್ಲಿ ಮನೆಮನೆಯಲ್ಲೂ ಪುಣ್ಯಕೋಟಿ ಎರಡು ಭಾಷೆಗಳಲ್ಲಿ ಕಾಡಿಗೆ ಹೋಗಿ, ಕೊಟ್ಟ ಮಾತಿನಂತೆ ಹಿಂತಿರುಗಿ ಬರಲಿ ಎಂದು ಹಾರೈಸುತ್ತೇವೆ.